ಅಕ್ಕ ಮತ್ತು ಬಿಳಿ ಎಮ್ಮೆ

ಅಕ್ಕನ ಬಲ ಅಂಗೈ ಎಡಗೈಗಿಂತ ಅಗಲವಾಗಿತ್ತು. ಅವಳು ಕೈಜೋಡಿಸಿ ದೇವರಿಗೆ ನಿಂತರೆ ಬಲಗೈಯ ಅಂಚು ಹೊರಗೆ ಉಳಿಯುತ್ತಿತ್ತು. ಚಿಕ್ಕಂದಿನಿಂದ ಜೋಳದ ರೊಟ್ಟಿ ಬಡಿದ ಕೈ ಅದು. ಬೆರಳುಗಳ ಬುಡದಲ್ಲಿ ಚರ್ಮ ಗಟ್ಟಿಯಾಗಿ, ಒಲೆಯಿಂದ ಸಿಡಿದ ಕೆಂಡವನ್ನು ಬರಿಗೈಯಲ್ಲಿ ಎತ್ತಿ ಹಿಂದಕ್ಕೆ ಹಾಕುವಷ್ಟು ದಪ್ಪವಾಗಿತ್ತು. ಆ ಕೈಯಿಂದ ಅವಳು ಎಲ್ಲವನ್ನೂ ಬಡಿದು ನೋಡುತ್ತಿದ್ದಳು. ಸಂತೆಯ ಕುಂಬಳಕಾಯಿ, ಹೊಸ ಕೊಡ, ಕೊಳ್ಳಲು ಬಂದ ಎಮ್ಮೆಯ ಬೆನ್ನು, ಬೀಗರ ಮನೆಯ ಬಾಗಿಲು, ಯಾವುದನ್ನೂ ಬಿಡುತ್ತಿರಲಿಲ್ಲ. "ಬಡದ ನೋಡಿದ್ರ ಒಳಗಿಂದು ತಾನಾ ಹೇಳತೈತಿ" ಎನ್ನುತ್ತಿದ್ದಳು. ನಾನು ಅವಳ ಮನೆಗೆ ಹೋದಾಗಲೆಲ್ಲ ಮೊದಲು ನನ್ನ ಬೆನ್ನಿಗೆ ಒಂದು ಏಟು ಬೀಳುತ್ತಿತ್ತು. ಆಮೇಲೆ ತೀರ್ಪು: "ಸೊರಗೀದಿ. ಉಣ್ಣು ಕೂಡು."

ನಮ್ಮ ಅವ್ವ ಬೇಗ ತೀರಿಕೊಂಡಳು. ಅಕ್ಕ ಮದುವೆಯಾಗಿ ಕಮತಗಿಗೆ ಹೋಗುವಾಗ ಅವಳ ಸೆರಗು ಹಿಡಿದು ನಾನೂ ಹೋದೆ. ಭಾವನದು ಸಣ್ಣ ಕಿರಾಣಿ ಅಂಗಡಿ. ಬೀಗರ ಮನೆಯಲ್ಲಿ ತಮ್ಮನಿಗೆ ಎರಡನೆಯ ಸಲ ಬಡಿಸಿದರೆ ಯಾರಾದರೂ ಏನಾದರೂ ಅಂದಾರೆಂದು, ಅಕ್ಕ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡಲು ಶುರು ಮಾಡಿದಳು. ಆ ರೊಟ್ಟಿಯ ಮೇಲೆ ನಾನು ಹೈಸ್ಕೂಲು ಮುಗಿಸಿದೆ. ಮುಂದೆ ಓದುವ ತಲೆ ಇರಲಿಲ್ಲ. ಇಳಕಲ್ಲಿನ ಕಲ್ಲಿನ ಕ್ವಾರಿಯಲ್ಲಿ ಕೆಲಸಕ್ಕೆ ಸೇರಿ, ಬಹಳ ವರ್ಷಗಳ ಮೇಲೆ ನನ್ನದೇ ಒಂದು ಕ್ವಾರಿ ಮಾಡಿಕೊಂಡೆ. ಕೆಂಪು ಕಲ್ಲು ನನಗೆ ಒಲಿಯಿತು.

ನಮ್ಮ ಮನೆಯಲ್ಲಿ ಹೊಸ ಗಾಡಿ ಬಂದರೆ ಆರತಿ ಮನೆಮಗಳದು. ನನ್ನ ಮೊದಲ ಸೈಕಲ್ಲಿಗೆ ಅಕ್ಕ ಆರತಿ ಮಾಡಿದಳು. ಮೊಪೆಡ್ಡಿಗೆ ಮಾಡಿದಳು. ಕ್ವಾರಿಗೆಂದು ಕೊಂಡ ಹಳೆಯ ಜೀಪಿಗೂ ಅವಳೇ ಮಾಡಿ, ಬಾನೆಟ್ಟಿಗೆ ಒಂದು ಏಟು ಹಾಕಿ, "ಗಟ್ಟಿ ಐತಿ ತಮ್ಮಾ, ನಿನ್ನಕಿಂತ ಗಟ್ಟಿ ಐತಿ" ಎಂದಿದ್ದಳು. ಆ ಜೀಪು ಕಲ್ಲುಪುಡಿ ಕುಡಿದು ಬದುಕಿತು. ಕೆಟ್ಟರೆ ಹುನಗುಂದದಲ್ಲಿ ಯಾವ ಗ್ಯಾರೇಜಿನವನಾದರೂ ಒಂದು ಪಾನೆ ಹಿಡಿದು ಸಂಜೆಯೊಳಗೆ ಓಡಿಸಿಕೊಡುತ್ತಿದ್ದ.

ಆಮೇಲೆ ಭಾವ ಹೋದರು. ಅಕ್ಕ ಅಂಗಡಿ ಮುಚ್ಚಿದಳು, ರೊಟ್ಟಿ ಬಿಡಲಿಲ್ಲ.

ನನ್ನ ಕೈಗೆ ದುಡ್ಡು ಬಂದದ್ದು ಆಮೇಲೆಯೇ. ಕಲ್ಲು ನೋಡಲು ದೂರದಿಂದ ವ್ಯಾಪಾರಿಗಳು ಬರತೊಡಗಿದರು. ಉಳಿದ ಕ್ವಾರಿ ಮಾಲೀಕರು ಒಬ್ಬರಿಗಿಂತ ಒಬ್ಬರು ದೊಡ್ಡ ಕಾರು ಇಳಿಸಿದರು. ನಾನು ಅವರೆಲ್ಲರನ್ನೂ ಮೀರಿಸುವ ಒಂದು ವಿದೇಶಿ ಗಾಡಿ ತಂದೆ. ಹೊಳೆ ದಾಟುತ್ತದೆ, ಗುಡ್ಡ ಹತ್ತುತ್ತದೆ ಎಂದು ಮಾರುವವ ಹೇಳಿದ. ಕ್ವಾರಿಯ ಕಚ್ಚಾ ದಾರಿಗೆ ಇಂಥದ್ದೇ ಬೇಕೆಂದು ನಾನು ಮನೆಯಲ್ಲಿ ಹೇಳಿದೆ. ಅದು ಸುಳ್ಳು. ಗೀರು ಬಿದ್ದೀತೆಂದು ಅದನ್ನು ಕ್ವಾರಿಗೆ ಒಮ್ಮೆಯೂ ಒಯ್ಯಲಿಲ್ಲ. ಕ್ವಾರಿಗೆ ಅದೇ ಹಳೆಯ ಜೀಪು ಹೋಗುತ್ತಿತ್ತು.

ಹೊಸ ಗಾಡಿಯನ್ನು ತುಳಸಿಗೇರಿ ಹಣಮಪ್ಪನ ಗುಡಿಗೆ ಒಯ್ದು ಪೂಜೆ ಮಾಡಿಸುವುದೆಂದು ಗೊತ್ತಾಯಿತು. ಹೆಂಡತಿ ಕೇಳಿದಳು: "ಆರತಿಗೆ ಅಕ್ಕಾರಿಗೆ ಹೇಳಿದ್ರಿಲ್ಲೋ?"

"ಬಿಸಲು ಭಾಳ ಐತಿ. ವಯಸ್ಸಾದಾಕಿ, ಯಾಕ ತ್ರಾಸು."

ಅವಳು ನನ್ನ ಮುಖ ನೋಡಿ ಒಳಗೆ ಹೋದಳು. ಇಷ್ಟು ಬೆಲೆಯ ಗಾಡಿಗೆ ಗಂಡನಿಲ್ಲದವಳ ಕೈಯಿಂದ ಆರತಿ ಮಾಡಿಸುವುದೇ ಎಂದು ನಾನು ಅಂಜಿದ್ದೆ. ಯಾರೂ ನನಗೆ ಹಾಗೆ ಮಾಡೆಂದು ಹೇಳಿರಲಿಲ್ಲ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆಯಬೇಕು. ಹೇಳಿದ್ದರೆ ತಪ್ಪನ್ನು ಅವರ ಮೇಲೆ ಹಾಕಬಹುದಿತ್ತು.

ಅಕ್ಕನಿಗೆ ಫೋನು ಮಾಡಿ ಅದೇ ಬಿಸಿಲಿನ ಕಾರಣ ಹೇಳಿದೆ. ಅವಳು, "ಆತು ಬಿಡು. ಗಾಡಿ ಬಣ್ಣ ಯಾವುದು?" ಎಂದಳು.

"ಬಿಳೇದು."

"ಬಿಳೇದು! ನಮ್ಮ ಈ ಧೂಳಿನ್ಯಾಗ? ಅದನ್ನ ತೊಳಿಯಾಕ ಒಬ್ಬ ಆಳು ಇಡು ಇನ್ನ." ನಕ್ಕಳು. ಆಮೇಲೆ, "ಕಮತಗಿ ಮ್ಯಾಲೇ ಹೋಗ್ತೀರಲ್ಲ?" ಎಂದಳು. ಹೂಂ ಎಂದೆ.

ಆ ದಿನ ನಾನು ಡ್ರೈವರನ ಪಕ್ಕದಲ್ಲಿ ಕೂತಿದ್ದೆ. ಹೆಂಡತಿ ಹಿಂದೆ ಕಾಯಿ-ಕರ್ಪೂರದ ಬುಟ್ಟಿ ಹಿಡಿದಿದ್ದಳು. ಕಮತಗಿಯ ಬಸ್ ಸ್ಟ್ಯಾಂಡಿನ ತಿರುವಿನಲ್ಲಿ, ದೂರದಿಂದಲೇ, ರಸ್ತೆಯ ಅಂಚಿನಲ್ಲಿ ನಿಂತಿದ್ದ ಅಕ್ಕ ಕಂಡಳು. ಸೊಂಟದ ಮೇಲೆ ಬಟ್ಟೆ ಕಟ್ಟಿದ ದೊಡ್ಡ ಡಬ್ಬಿ. ಬಿಸಿಲಿಗೆ ಆ ಅಗಲ ಅಂಗೈಯನ್ನು ಹುಬ್ಬಿನ ಮೇಲಿಟ್ಟು ಒಂದೊಂದೇ ಗಾಡಿಯನ್ನು ನೋಡುತ್ತಿದ್ದಳು. ದೇವರಿಗೆ ಹೊರಟಾಗ ಎದುರಿಗೆ ವಿಧವೆ. ನನ್ನ ತಲೆಯಲ್ಲಿ ಬಂದ ಮಾತು ಅದೇ. ನನ್ನನ್ನು ಸಾಕಿದವಳು ಎಂಬ ಮಾತು ಅದರ ಹಿಂದೆಯೂ ಬರಲಿಲ್ಲ. "ನಿಲ್ಲಸಬ್ಯಾಡ, ಹೊಡಿ" ಎಂದು ಡ್ರೈವರನಿಗೆ ಮೆಲ್ಲಗೆ ಹೇಳಿ, ಫೋನು ನೋಡುವವನಂತೆ ತಲೆ ಬಗ್ಗಿಸಿದೆ. ಪಕ್ಕದ ಕನ್ನಡಿಯಲ್ಲಿ ಅವಳು ಎತ್ತಿದ ಕೈ ಕಂಡಿತು. ಬರುವಾಗ ಕಮತಗಿ ತಪ್ಪಿಸಿ ಬಾದಾಮಿಯ ಕಡೆಯಿಂದ ಸುತ್ತಿಕೊಂಡು ಬಂದೆವು. ಹೆಂಡತಿಗೆ ಬನಶಂಕರಿಗೂ ಕೈಮುಗಿಯೋಣ ಎಂದೆ.

ಕೆಲವು ತಿಂಗಳು ಗಾಡಿ ರಾಜನ ಹಾಗೆ ಓಡಿತು. ಆಮೇಲೆ ಒಂದು ಬೆಳಿಗ್ಗೆ ಎದ್ದು ನೋಡಿದರೆ ಅಂಗಳದಲ್ಲಿ ಎಡಕ್ಕೆ ಕುಸಿದು ಕೂತಿತ್ತು. ಅದಕ್ಕೆ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಚೀಲಗಳಂತೆ, ಒಂದು ಸೋರಿತ್ತಂತೆ. ಇಳಕಲ್ಲಿನ ಗ್ಯಾರೇಜಿನವರು ಸುತ್ತ ತಿರುಗಿ ನೋಡಿ, "ಇದರ ಹೊಟ್ಟಿ ತಗಿಯಾಕ ಕಂಪ್ಯೂಟರ್ ಬೇಕ್ರಿ" ಎಂದು ಕೈತೊಳೆದುಕೊಂಡರು. ಲಾರಿಯ ಮೇಲೆ ಹೇರಿಕೊಂಡು ಹುಬ್ಬಳ್ಳಿಗೆ ಹೋಯಿತು. ಸಾಮಾನು ಹೊರದೇಶದಿಂದ ಬರಬೇಕೆಂದರು. ಬಂತು, ಹಾಕಿದರು, ಗಾಡಿ ಮನೆಗೆ ಬಂತು. ಬಲಕ್ಕೆ ಕುಸಿಯಿತು. ಅದು ಸರಿಯಾದರೆ ಮುಂದಿನ ಫಲಕದಲ್ಲಿ ಹಳದಿ ದೀಪ, ಹಳದಿ ಆರಿದರೆ ಕೆಂಪು. ಒಮ್ಮೆ ಮಳೆಯಲ್ಲಿ ಬಾಗಿಲು ತೆರೆಯದೆ ನಾನೂ ಒಬ್ಬ ವ್ಯಾಪಾರಿಯೂ ಒಳಗೇ ಕೂತೆವು. ಹೊಳೆ ದಾಟುವ ಗಾಡಿ! ಇಷ್ಟಾದರೂ, ಓಡುವ ದಿನ ಅದರಂಥ ಗಾಡಿ ಇನ್ನೊಂದಿಲ್ಲ. ಬಾಗಲಕೋಟೆಯ ತನಕ ಹೊಟ್ಟೆಯ ನೀರು ಅಲುಗುತ್ತಿರಲಿಲ್ಲ. ಅದಕ್ಕೇ ಬೇಗ ಮಾರಲಾಗಲಿಲ್ಲ. ನನ್ನನ್ನು ನೋಡಿದವರು ಮೊದಲು ನನ್ನ ಆರೋಗ್ಯ ಕೇಳುತ್ತಿದ್ದರು, ಈಗ ಗಾಡಿಯದು ಕೇಳತೊಡಗಿದರು.

ಅಂಥ ದಿನಗಳಲ್ಲೇ ಅಕ್ಕ ಬಸ್ಸಿಗೆ ನಮ್ಮ ಮನೆಗೆ ಬಂದಳು. ನಾನು ಹುಬ್ಬಳ್ಳಿಯ ಲಾರಿಗೆ ಕಾಯುತ್ತ ಅಂಗಳದಲ್ಲಿ ನಿಂತಿದ್ದೆ. ಅಂದು ಒಬ್ಬ ದೊಡ್ಡ ಗಿರಾಕಿಯ ಎದುರು ಮಾನ ಹೋಗಿತ್ತು. ಅಕ್ಕ ಗಾಡಿಯ ಸುತ್ತ ಒಂದು ಸುತ್ತು ಹಾಕಿ ಸೆರಗು ಬಾಯಿಗೆ ಹಿಡಿದು ನಕ್ಕಳು.

"ಏನೋ ಇದು? ಬಿಳಿ ಎಮ್ಮಿ ಮಲಗಿಬಿಟ್ಟೈತಿ! ಈಯಾಕ ಆಗೈತೋ ಏನ?" ಬಾನೆಟ್ಟಿನ ಮೇಲೆ ತಪ್ಪೆಂದು ಬಡಿದಳು. "ಒಳಗ ಡಬ್ಬಿ ಸಪ್ಪಳ ಬರತೈತಿ ತಮ್ಮಾ. ಜೀಪು ಹಿಂಗ ಇದ್ದಿದ್ದಿಲ್ಲ."

ನಾನು ಕೂಗಿದೆ: "ನಗತೀಯಲ್ಲ! ಅವತ್ತು ದೇವರಿಗೆ ಹೊಂಟಾಗ ನೀ ಎದರಿಗೆ ಬಂದು ನಿಂತಿ. ಅವತ್ತಿಂದ ಇದಕ್ಕ ಹಿಂಗ!"

ಬಾನೆಟ್ಟಿನ ಮೇಲಿದ್ದ ಕೈಯನ್ನು ಅಕ್ಕ ಮೆಲ್ಲಗೆ ತೆಗೆದಳು. ನನ್ನ ಮಾತಿನ ವಿಷ ಅವಳಿಗೆ ಮೊದಲು ತಾಗಲೇ ಇಲ್ಲ. ಅವಳಿಗೆ ತಾಗಿದ್ದು ಬೇರೆ.

"ಹಂಗಾರ ನೀ ನನ್ನ ನೋಡಿದ್ದಿ" ಎಂದಳು.

ಅಷ್ಟು ದಿನ ಅವಳು, ತಮ್ಮ ನೋಡಲಿಲ್ಲ, ಗಾಡಿ ಜೋರಾಗಿತ್ತು ಎಂದು ನಂಬಿಕೊಂಡಿದ್ದಳು. ಆ ನಂಬಿಕೆಯನ್ನು ನಾನೇ ನನ್ನ ಬಾಯಿಂದ ಕಸಿದುಕೊಂಡೆ. ಒಳಗೆ ಹೋಗಿ, ನನ್ನ ಹೆಂಡತಿ ಕೊಟ್ಟ ಚಹಾ ಕುಡಿದು, ಕಪ್ಪು ತೊಳೆದಿಟ್ಟು, ಮುಂದಿನ ಬಸ್ಸಿಗೆ ಹೋದಳು. ಬಸ್ಸಿನ ತನಕ ಹೋಗಿ ಬಿಟ್ಟುಬನ್ನಿ ಎಂದು ಹೆಂಡತಿ ಹೇಳಿದಳು. ನಾನು ಲಾರಿ ಬರುತ್ತದೆ ಎಂದೆ.

ಅಕ್ಕ ಆಮೇಲೆ ನಮ್ಮ ಮನೆಗೆ ಬರಲಿಲ್ಲ. ಫೋನು ಮಾತ್ರ ಮಾಡುತ್ತಿದ್ದಳು. "ಎಮ್ಮಿ ಎದ್ದೈತೇನೋ?" ಎಂದು ಕೇಳುತ್ತಿದ್ದಳು. ಬೇರೆ ಒಂದು ಮಾತಿಲ್ಲ. ಬೈದಿದ್ದರೆ ನಾನು ಹಗುರಾಗುತ್ತಿದ್ದೆ.

ಒಂದು ಶ್ರಾವಣದಲ್ಲಿ ಅವಳೇ ಮಾತಿನ ನಡುವೆ, "ಮಹಾಕೂಟಕ್ಕ ಹೋಗದ ಭಾಳ ದಿನ ಆತು" ಎಂದಳು. ಮರುದಿನವೇ ಹೊರಟೆ. ಡ್ರೈವರನನ್ನು ಕರೆಯಲಿಲ್ಲ, ಹೆಂಡತಿಯನ್ನೂ ಕರೆಯಲಿಲ್ಲ. ಕಮತಗಿಯಲ್ಲಿ ಅವಳ ಮನೆಯ ಬಾಗಿಲಿಗೇ ಗಾಡಿ ಹಚ್ಚಿದೆ. ಓಣಿಯ ಹೆಂಗಸರೆಲ್ಲ ನೋಡುವಂತೆ ಅಕ್ಕ ಮುಂದಿನ ಸೀಟಿನಲ್ಲಿ ಕೂತಳು. ದಾರಿಯಲ್ಲಿ ಗುಡ್ಡ, ಮರಳು, ಹಿಮದ ಚಿತ್ರಗಳಿದ್ದ ತಿರುಗುಗುಂಡಿಯನ್ನು ನೋಡಿ ಏನೆಂದು ಕೇಳಿದಳು. ಹಿಮ ಬಿದ್ದಾಗ ಇಲ್ಲಿಗೆ ತಿರುಗಿಸಬೇಕು ಎಂದೆ.

"ಹಿಮ ಯಾವಾಗ ಬೀಳತೈತಿ ಹುನಗುಂದದಾಗ?"

ಇಬ್ಬರೂ ನಕ್ಕೆವು. ಬಾದಾಮಿಯ ಗುಡ್ಡಗಳು ಕಾಣುತ್ತಿದ್ದಂತೆ ಫಲಕದಲ್ಲಿ ಇದ್ದಬದ್ದ ದೀಪಗಳೆಲ್ಲ ಹತ್ತಿಕೊಂಡವು. ಗಾಡಿ ತೆವಳಿ, ಒಂದು ಬೇವಿನ ಮರದ ಹತ್ತಿರ ನಿಂತೇಬಿಟ್ಟಿತು. ಅಕ್ಕ ಕೆಳಗಿಳಿದು ಮರದ ಬುಡದ ಕಲ್ಲಿನ ಮೇಲೆ ಕೂತು ರೊಟ್ಟಿ, ಖಾರಬ್ಯಾಳಿಯ ಬುತ್ತಿ ಬಿಚ್ಚಿದಳು.

"ಬಾ, ಉಣ್ಣು. ಅವತ್ತು ನೀ ನಿಲ್ಲಸಲಿಲ್ಲ ಅಂತ ಇವತ್ತ ಅದೇ ನಿಂತೈತಿ ನೋಡು."

ನಗುತ್ತಲೇ ಅಂದಳು. ನಾನು ಮುರಿದ ರೊಟ್ಟಿ ಕೆಳಗಿಟ್ಟೆ. "ಅಕ್ಕಾ, ಅವತ್ತ ನಾ ನಿಲ್ಲಸಬೇಕಾಗಿತ್ತು" ಎಂದೆ.

"ಹೌದು. ನಿಲ್ಲಸಬೇಕಾಗಿತ್ತು."

ಹೋಗಲಿ ಬಿಡು ಎನ್ನುತ್ತಾಳೆ ಎಂದುಕೊಂಡಿದ್ದೆ. ಎನ್ನಲಿಲ್ಲ. ಅವಳ ಮೇಲೆ ನನ್ನ ಗೌರವ ಅಂದು ಇನ್ನೂ ಹೆಚ್ಚಿತು.

"ಡಬ್ಬ್ಯಾಗ ಏನಿತ್ತು?"

"ಹೋಳಿಗಿ. ಆರತಿ ನನ್ನ ಕೈಲೆ ಬ್ಯಾಡ ಅಂತ ಫೋನಿನ್ಯಾಗನ ತಿಳೀತು. ನಾ ಏನ ಕೂಸಲ್ಲ. ಹೋಳಿಗಿ ಕೊಡಾಕ ಏನಡ್ಡಿ ಅಂತ ಬಂದಿದ್ದೆ."

"ಏನ ಮಾಡಿದಿ ಅವನ್ನ?"

"ಬಸ್ ಸ್ಟ್ಯಾಂಡಿನ್ಯಾಗ ಹಂಚಿದೆ. ನನ್ನ ತಮ್ಮ ದೊಡ್ಡ ಗಾಡಿ ತಗೊಂಡಾನ, ಎಲ್ಲಾರಿಗೂ ಹಂಚು ಅಂತ ಕೊಟ್ಟ ಹೋದ, ತಿನ್ರಿ ಅಂದೆ." ಬೆರಳು ನೆಕ್ಕಿಕೊಂಡಳು. "ಭಾಳ ಚಲೋ ಆಗಿದ್ದವು. ನೀ ಕಳಕೊಂಡಿ."

ನಾನು ಅತ್ತೆ. ವಯಸ್ಸಾದ ಗಂಡಸು ರಸ್ತೆಯ ಬದಿ ಅಳುವುದನ್ನು ನೋಡಿ ಉಳ್ಳಾಗಡ್ಡಿ ಹೇರಿಕೊಂಡು ಹೋಗುತ್ತಿದ್ದ ಒಬ್ಬ ತನ್ನ ಮೂರು ಗಾಲಿಯ ಟಂಟಂ ನಿಲ್ಲಿಸಿದ. "ಯಾಕ್ರಿ ಸಾವಕಾರ್ರ, ಗಾಡಿ ಸಲುವಾಗಿ ಯಾರರ ಅಳತಾರೇನ್ರಿ?"

"ಗಾಡಿ ಸಲುವಾಗಲ್ಲಪಾ, ಖಾರಬ್ಯಾಳಿ ಖಾರಾಗೈತಿ" ಎಂದಳು ಅಕ್ಕ. "ಮಹಾಕೂಟಕ್ಕ ಬಿಡತಿಯೇನು ನಮ್ಮನ್ನ?"

"ಹತ್ರಿ ಆಯಿ. ಚೀಲದ ಮ್ಯಾಲೆ ಕುಂಡ್ರಬೇಕ್ರಿ ಮತ್ತ."

ಗಾಡಿಗೆ ಬೀಗ ಹಾಕಿ, ಹುಬ್ಬಳ್ಳಿಗೆ ಫೋನು ಮಾಡಿ, ಉಳ್ಳಾಗಡ್ಡಿ ಚೀಲಗಳ ಮೇಲೆ ಕೂತು ಮಹಾಕೂಟಕ್ಕೆ ಹೋದೆವು. ಅಕ್ಕ ಹೊಂಡದಲ್ಲಿ ಮಿಂದು, ಗುಡಿಯ ಕಂಬವನ್ನೂ ಬಡಿದು ನೋಡಿ, "ಇದಕ್ಕ ಏನೂ ಆಗಂಗಿಲ್ಲ" ಎಂದಳು.

ಆಮೇಲೆ ಗಾಡಿ ಮಾರಿದೆ. ಏಕೆಂದು ಕೇಳಿದವರಿಗೆಲ್ಲ ಅದರ ನಂಬಿಕೆಯಿಲ್ಲ ಎಂದು ಹೇಳುತ್ತಿದ್ದೆ. ಅದೂ ನಿಜವೇ, ಆದರೆ ಪೂರ್ತಿ ನಿಜವಲ್ಲ. ಅದರೊಳಗೆ ಕೂತಾಗಲೆಲ್ಲ ನನ್ನ ಕಣ್ಣು ಪಕ್ಕದ ಕನ್ನಡಿಗೆ ಹೋಗುತ್ತಿತ್ತು.

ಹೋದ ವರ್ಷ ಅಕ್ಕ ಹಾಸಿಗೆ ಹಿಡಿದಳು. ಬಾಗಲಕೋಟೆಯ ದವಾಖಾನೆಯಲ್ಲಿ ಕೊನೆಯ ದಿನಗಳಲ್ಲಿ ನಾನು ಪಕ್ಕದಲ್ಲಿದ್ದೆ. ಸೂಜಿ ಚುಚ್ಚಲು ಬಂದ ನರ್ಸಿಗೆ ನನ್ನನ್ನು ತೋರಿಸಿ, "ನನ್ನ ತಮ್ಮ ಇಂವ. ಭಾಳ ದೊಡ್ಡ ಗಾಡಿ ಐತಿ ಅವನ ಕಡೆ" ಎಂದಳು.

"ಮಾರಿಬಿಟ್ಟೇನಲ್ಲ ಅಕ್ಕಾ."

"ಮಾರಿದ್ರ ಏನಾತು? ಇತ್ತಲ್ಲ!"

ಅದೇ ವಾರ ಹೋದಳು.

ನಮ್ಮಲ್ಲಿ ಹೆಣ್ಣುಮಗಳು ತೀರಿಕೊಂಡರೆ ಕೊನೆಯ ಸೀರೆ ತವರಿನದು. ಇಳಕಲ್ಲಿನ ಅಂಗಡಿಯಲ್ಲಿ, ಮಂಕು ಬಣ್ಣದವುಗಳನ್ನು ಪಕ್ಕಕ್ಕೆ ಸರಿಸಿ, ಕೆಂಪು ಸೆರಗಿನ ದಟ್ಟ ಹಸಿರು ಸೀರೆ ತೆಗೆಸಿದೆ. ಕಮತಗಿಯ ಅಂಗಳದಲ್ಲಿ ಅದನ್ನು ಬಿಚ್ಚಿದಾಗ ಭಾವನ ಕಡೆಯ ಹಿರಿಯ ಮುದುಕಿಯೊಬ್ಬಳು ಗದ್ದಕ್ಕೆ ಕೈಯಿಟ್ಟಳು.

"ಗಂಡ ಇಲ್ಲದಾಕಿಗೆ ಇಂಥಾ ಸೀರಿ ತಂದೀಯೇನಪಾ?"

ಜನ ನನ್ನನ್ನೇ ನೋಡುತ್ತಿದ್ದರು. "ನನ್ನ ಅಕ್ಕ ಆಕಿ. ತವರಿಂದ ನಾ ಇದನ್ನ ತಂದೇನಿ. ಇದನ್ನ ಹೊದಸ್ರಿ" ಎಂದೆ.

ದೊಡ್ಡ ಜಗಳವಾದೀತೆಂದು ಎದೆ ಗಟ್ಟಿ ಮಾಡಿಕೊಂಡು ನಿಂತೆ. ಮುದುಕಿ ಒಂದು ಗಳಿಗೆ ನನ್ನನ್ನು ನೋಡಿ, "ಆತಪಾ, ನಿಮ್ಮ ಮನಿ ಮಗಳು" ಎಂದು ಸೀರೆಯ ಒಂದು ತುದಿಯನ್ನು ತಾನೇ ಹಿಡಿದುಕೊಂಡಳು. ಉಳಿದ ಹೆಂಗಸರು ಇನ್ನೊಂದು ತುದಿ ಹಿಡಿದರು. ಯಾರೂ ಎದುರಾಡಲಿಲ್ಲ. ಅವತ್ತೂ ಇಷ್ಟೇ ಸಾಕಾಗಿತ್ತು.