ಗೌರಿಯ ಬಾಲ, ಊರಿನ ನರಹುಲಿ

ಚಿಕ್ಕಜಾಜೂರು ಸ್ಟೇಷನ್ನಿನಿಂದ ಹೊಳಲ್ಕೆರೆಗೆ ಜಟಕಾ ಹೊಡೆಯುತ್ತಿದ್ದ ಕರಿಯಣ್ಣನಿಗೆ ಮೂಗಿನ ತುದಿಯಲ್ಲೇ ಕೋಪ. ತನ್ನ ಹೆಣ್ಣುಕುದುರೆ ಗೌರಿಯ ಮುಂದೆ ಮಾತ್ರ ಬೆಣ್ಣೆ. ಅವಳಿಗೆ ಹುರುಳಿ ಬೇಯಿಸಿ ಇಟ್ಟ ಮೇಲೆಯೇ ತಾನು ಉಣ್ಣುವವನು. ಅಂಥ ಗೌರಿಯ ಬಾಲಕ್ಕೇ ಊರವರು ಕೈ ಹಾಕಿದ್ದರು.

ನರಹುಲಿಗೆ ಕುದುರೆ ಬಾಲದ ಕೂದಲು ಬಿಗಿದು ಕಟ್ಟಿದರೆ ಅದು ಉದುರಿಹೋಗುತ್ತದೆ ಎಂಬುದು ಜನರ ನಂಬಿಕೆ. ಅದರಲ್ಲೂ ಕೇಳಿ ಪಡೆದ ಕೂದಲು ನಡೆಯುವುದಿಲ್ಲ, ಕದ್ದು ಕಿತ್ತದ್ದೇ ಆಗಬೇಕಂತೆ. ಕಳ್ಳತನಕ್ಕೂ ಒಂದು ಶಾಸ್ತ್ರ ನೋಡಿ! ಆ ವರ್ಷ ಯಾರ ಕೈ ನೋಡಿದರೂ ನರಹುಲಿ. ಕರಿಯಣ್ಣ ಎಲೆಗೆ ಸುಣ್ಣ ಹಚ್ಚಲು ಅತ್ತ ತಿರುಗಿದರೆ ಸಾಕು, ಇತ್ತ ಗೌರಿ ಬೆಚ್ಚಿ ಕಾಲು ಝಾಡಿಸುತ್ತಿದ್ದಳು. ಮಳೆಗಾಲದ ಹೊತ್ತಿಗೆ ಬಾಲ ಬೋಳಾಯಿತು. ನೊಣ ಓಡಿಸಲಾಗದೆ ಮೈಯೆಲ್ಲ ಹುಣ್ಣು. ಕರಿಯಣ್ಣ ಹುಣ್ಣಿಗೆ ಬೇವಿನೆಣ್ಣೆ ಹಚ್ಚಿ, ತಾನೇ ವಸ್ತ್ರ ಬೀಸಿ ನೊಣ ಓಡಿಸುತ್ತಿದ್ದ.

ಒಂದು ದಿನ ಧರ್ಮಾಸ್ಪತ್ರೆಯ ಡಾಕ್ಟರು ಮುರುಗೇಶಪ್ಪನವರು ಗಾಡಿ ಹತ್ತಿದರು. ದಾರಿಯುದ್ದಕ್ಕೂ ಅವನ ಗೋಳು ಕೇಳಿ ನಕ್ಕುಬಿಟ್ಟರು.

"ಅಲ್ಲಯ್ಯ, ನರಹುಲಿ ಅಂಟುಜಾಡ್ಯ. ಕೂದಲು ಬಿಗಿದು ಗಾಯ ಮಾಡ್ಕೊಂಡ್ರೆ, ಕೆರ್ಕೊಂಡ್ರೆ ಪಕ್ಕದಾಗೆ ಇನ್ನಾಕು ಏಳ್ತಾವೆ. ಒಬ್ರ ವಸ್ತ್ರದಾಗೆ ಇನ್ನೊಬ್ರು ಕೈ ಒರಸ್ಕಬಾರ್ದು, ಕ್ಷೌರದ ಕತ್ತಿ ತಾಗಿಸಬಾರ್ದು. ಎಷ್ಟೋ ಮಂದಿಗೆ ತಾನಾಗೇ ಹೋಗ್ತೈತೆ, ತಿಂಗಳುಗಟ್ಲೆ ಹಿಡಿತೈತೆ ಅಷ್ಟೆ. ಮೊಂಡು ಹಿಡಿದ್ರೆ ನನ್ನ ಹತ್ರ ಮದ್ದೈತೆ."

"ಕಾಯಿರಿ ಅಂದ್ರೆ ಯಾರು ಕಾಯ್ತಾರೆ ಸ್ವಾಮಿ?" ಎಂದು ಕರಿಯಣ್ಣ ಗೊಣಗಿದ.

ಮರುದಿನವೇ ತಾಳ್ಯದಿಂದ ಮೊಸರು ಮಾರಲು ಬಂದಿದ್ದ ಓಬವ್ವ ಬಾಲ ಹಿಡಿದು ಸಿಕ್ಕಿಬಿದ್ದಳು. ಹಿಂದೊಮ್ಮೆ ಕೂದಲು ಬಿಗಿದಿದ್ದ ಬೆರಳು ಗಾಯವಾಗಿ ಸುತ್ತ ಹೊಸ ನರಹುಲಿ ಎದ್ದಿದ್ದವು. ಗದರಲು ಬಾಯಿ ತೆರೆದ ಕರಿಯಣ್ಣನಿಗೆ ತಟ್ಟನೆ ಒಂದು ಉಪಾಯ ಹೊಳೆಯಿತು.

"ನೋಡ್ದೇನವ್ವ? ಕಿತ್ತ ಕೂದಲಿಗೆ ಗೌರಿ ಶಾಪ ಐತೆ, ಒಂದಕ್ಕೆ ನಾಕು ಎದ್ದಾವೆ! ತಾನಾಗೇ ಉದುರಿದ್ದಷ್ಟೇ ನಡಿಯಾದು. ಅದನ್ನೂ ಬೆರಳಿಗೆ ಕಟ್ಟಬಾರ್ದು, ಸೂರಿಗೆ ಸಿಗಿಸ್ಬೇಕು. ಉದುರಿದಾಗ ನಾನೇ ಕೊಡ್ತೀನಿ. ಅಲ್ಲೀತನಕ ಕೆರೀಬ್ಯಾಡ, ನಿನ್ನ ವಸ್ತ್ರ ಯಾರಿಗೂ ಕೊಡಬ್ಯಾಡ."

ಹಸಿ ಸುಳ್ಳು! ಆದರೆ ಊರೂರಿಗೆ ಹಬ್ಬಿತು. ಗೌರಿಯ ಕೂದಲು ಯಾವಾಗ ಉದುರೀತೆಂದು ಜನ ಕಾದರು, ಕಾಯುತ್ತಲೇ ಹಲವರ ನರಹುಲಿ ಮಾಯವಾಯಿತು. ನರಹುಲಿ ಹೋಗದೆ ಉಳಿದವರನ್ನು ಕರಿಯಣ್ಣನೇ ಗಾಡಿಯಲ್ಲಿ ಕೂರಿಸಿ ಆಸ್ಪತ್ರೆಗೆ ಬಿಟ್ಟ. ಓಬವ್ವ ಬೆಲ್ಲ ತಂದು ಗೌರಿಗೆ ತಿನ್ನಿಸಿ ಕೈಮುಗಿದಳು. ಎರಡನೆಯ ಯುಗಾದಿಯ ಹೊತ್ತಿಗೆ ಬಾಲ ಮೊದಲಿನಂತೆ ಸೊಂಪಾಗಿ ಇಳಿಬಿದ್ದಿತ್ತು.

ಒಂದು ಮಧ್ಯಾಹ್ನ ಕರಿಯಣ್ಣ ನೀರು ಸೇದಿಕೊಂಡು ಬಂದರೆ, ಗೌರಿಯ ಹಿಂದೆ ಕೋಟು ರುಮಾಲಿನವರೊಬ್ಬರು ಬಗ್ಗಿದ್ದಾರೆ. ಅಯ್ಯೋ, ಡಾಕ್ಟರು! ಹೆಬ್ಬೆರಳ ಮೇಲೆ ಕಡಲೆಕಾಳಿನಷ್ಟು ನರಹುಲಿ.

"ವರ್ಷ ಆತು ಕಣಯ್ಯ, ನನ್ನ ಮದ್ದಿಗೇ ಬಗ್ತಿಲ್ಲ. ಒಂದೇ ಒಂದು ಕೂದಲು..." ಎಂದರು, ನಾಚಿ ನೀರಾಗಿ.

ಕರಿಯಣ್ಣ ಅವರ ಮುಷ್ಟಿಯಿಂದ ಬಾಲವನ್ನು ಮೆಲ್ಲಗೆ ಬಿಡಿಸಿಕೊಂಡ.

"ತಾನಾಗೇ ಉದುರ್ಲಿ ಬಿಡ್ರಿ ಸ್ವಾಮಿ. ಅಲ್ಲೀತನಕ ಕೆರ್ಕಬ್ಯಾಡ್ರಿ."

ಗೌರಿ ಬಾಲ ಬೀಸಿ ಬೆನ್ನ ಮೇಲಿನ ನೊಣ ಓಡಿಸಿದಳು.