ಹಗರೆಯ ರತ್ನಮ್ಮನ ಮೂರು ಮಿಸ್ಡ್ ಕಾಲ್

ನಾನು ಜೀಪಿನಿಂದ ಕಾಲು ಕೆಳಗಿಡುವ ಮೊದಲೇ ರತ್ನಮ್ಮ ಬೀಗದ ಕೈಗೊಂಚಲು ಚಾಚಿಕೊಂಡು ನಿಂತಿರುತ್ತಿದ್ದರು. "ತಗಳಿ ಸಾರ್" ಅನ್ನುತ್ತಿದ್ದರು. ನಾನು ಕೇಳಿರುತ್ತಿರಲಿಲ್ಲ. ಬೇಡ ಅಂದರೂ ಕೈ ಹಿಂದಕ್ಕೆ ಹೋಗುತ್ತಿರಲಿಲ್ಲ. ನಾನು ಹೊರಡುವ ತನಕ ಆ ಗೊಂಚಲು ಅವರ ಅಂಗೈಯಲ್ಲೇ ಬೆವರುತ್ತಿತ್ತು.

ಆಗ ನಾನು ಆ ಸೀಮೆಯಲ್ಲಿ ಆಹಾರ ತಪಾಸಣೆಯ ಅಧಿಕಾರಿ. ಹಗರೆಯ ಮುಖ್ಯರಸ್ತೆಯಿಂದ ಸ್ವಲ್ಪ ಒಳಗೆ ಶೀಟು ಹೊದಿಸಿದ ಒಂದು ಕೋಣೆಯಲ್ಲಿ ರತ್ನಮ್ಮ ಇನ್ನೈದು ಹೆಂಗಸರ ಜೊತೆ ಕೊಬ್ಬರಿ ಚಟ್ನಿಪುಡಿ ಮಾಡಿ ಬೇಲೂರು, ಹಳೇಬೀಡಿನ ಅಂಗಡಿಗಳಿಗೆ ಹಾಕುತ್ತಿದ್ದರು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ತೊಳೆದು ಬೋರಲು ಹಾಕಿದ ಪಾತ್ರೆಗಳು. ಕೊಬ್ಬರಿಯ ಪ್ರತಿ ಗಿಟುಕನ್ನೂ ರತ್ನಮ್ಮ ಕಣ್ಣು ಮುಚ್ಚಿ ಮೂಸದೆ ಒರಳಿಗೆ ಹಾಕಲು ಬಿಡುತ್ತಿರಲಿಲ್ಲ. "ನನ್ನ ಮೂಗಿಗೂ ಒಂದು ಲೈಸೆನ್ಸ್ ಕೊಡಿ ಸಾರ್" ಎಂದು ಒಮ್ಮೆ ಅಂದಿದ್ದರು. ನನ್ನೆದುರು ಅವರು ನಕ್ಕದ್ದು ಅದೊಂದೇ ಸಲ.

ಕೈಗೊಂಚಲಿನ ಕತೆ ಆಮೇಲೆ ತಿಳಿಯಿತು. ನನಗಿಂತ ಹಿಂದೆ ಇದ್ದ ಅಧಿಕಾರಿ ಬಾಗಿಲ ಮೇಲೆ ಬೋರ್ಡ್ ಇಲ್ಲವೆಂದು ಕೋಣೆಗೆ ಬೀಗ ಜಡಿದು ಅರಗು ಹಾಕಿದ್ದರಂತೆ. "ಬೋರ್ಡ್ ಬರೆಸ್ಕಂಡು ತಲೆ ಮೇಲೆ ಹೊತ್ಕಂಡು ಹೋದೆ ಸಾರ್. ಮೇಲಿಂದ ಆರ್ಡರ್ ಬರ್ಲಿ ಅಂದ್ರು. ಆರ್ಡರ್ ಬರೋ ಹೊತ್ಗೆ ಒಳಗಿದ್ದ ಮೆಣಸಿನಕಾಯೆಲ್ಲ ಹುಳ ತಿಂದು ಹೊಟ್ಟಾಗಿತ್ತು" ಅಂದರು.

ಇಲಾಖೆಯ ಲೆಕ್ಕದಲ್ಲಿ ಆಗ ಎಷ್ಟು ಕೇಸು ಹಾಕಿದೆವೋ ಅಷ್ಟು ಕೆಲಸ ಮಾಡಿದಂತೆ. ಆ ನಿಯಮಗಳು ಬದಲಾದವು. ಸಣ್ಣ ಕೊರತೆಗೆ ಬೀಗವಿಲ್ಲ, ತಿದ್ದಿಕೊಳ್ಳಲು ಬರಹದಲ್ಲಿ ಗಡುವು. ಇನ್ನೊಂದು ಮಾತೂ ಇತ್ತು: ತಮ್ಮ ಸರಕಿನಲ್ಲಿ ಅಪಾಯವಿದೆ ಎಂದು ಗೊತ್ತಾದ ತಕ್ಷಣ ತಾವಾಗಿ ತಿಳಿಸಿ, ಸರಕು ವಾಪಸ್ ತೆಗೆದುಕೊಂಡವರ ಮೇಲೆ ಮೊಕದ್ದಮೆ ಇಲ್ಲ.

ಇದನ್ನು ವಿವರಿಸಲು ಅರಸೀಕೆರೆಯಲ್ಲಿ ಸಭೆ ಕರೆದೆ. ಕೊಬ್ಬರಿ ಮಂಡಿಯವರು, ಎಣ್ಣೆ ಗಾಣದವರು ಮುಂದೆ ಕೂತು ಮುಗುಳ್ನಕ್ಕರು. ಹಿಂದಿನ ಸಾಲಿನಿಂದ ರತ್ನಮ್ಮ ಎದ್ದು ನಿಂತರು.

"ಹೇಳಿದ್ರೆ ನೀವು ಬಿಡ್ತೀರಿ, ಸರಿ. ನಿಮ್ಮ ಮೇಲಿನೋರು ಬಿಡ್ತಾರಾ ಸಾರ್?"

"ಬರಹದಲ್ಲಿದೆ ಅಮ್ಮ" ಅಂದೆ. ಎಲ್ಲರಿಗೂ ನನ್ನ ಫೋನ್ ನಂಬರ್ ಕೊಟ್ಟೆ. ಬರಹದ ಮೇಲೆ ನನಗೂ ಪೂರ್ತಿ ನಂಬಿಕೆ ಇರಲಿಲ್ಲ ಎಂಬುದನ್ನು ಹೇಳಲಿಲ್ಲ.

ಅದಾಗಿ ಕೆಲವು ತಿಂಗಳಿಗೆ, ಒಂದು ಬೆಳಿಗ್ಗೆ ಏಳು ಗಂಟೆಗೆ, ನಾನು ಗಡ್ಡ ಹೆರೆಯುತ್ತಿದ್ದಾಗ ಫೋನ್ ರಿಂಗಾಯಿತು. ಗೊತ್ತಿಲ್ಲದ ನಂಬರು. ಎರಡು ರಿಂಗಾಗಿ ನಿಂತಿತು. ಮತ್ತೆ ಬಂತು, ನಿಂತಿತು. ಮೂರನೆಯ ಸಲ ಕೊಂಚ ಹೆಚ್ಚು ಹೊತ್ತು ಬಡಿದುಕೊಂಡಿತು. ಯಾರೋ ಅಂಗಡಿಯವನು ಗೋಗರೆಯಲು ಮಾಡುತ್ತಿದ್ದಾನೆ ಅಂದುಕೊಂಡು ಫೋನನ್ನು ಬೋರಲು ಹಾಕಿ, ಇನ್ನೊಂದು ಕೆನ್ನೆಗೆ ಸೋಪು ಹಚ್ಚಿಕೊಂಡೆ.

ಒಂಬತ್ತಕ್ಕೆ ಆಫೀಸಿನ ಬಾಗಿಲು ತೆಗೆದಾಗ ಬೆಂಚಿನ ಮೇಲೆ ರತ್ನಮ್ಮ ಕೂತಿದ್ದರು. ಪಕ್ಕದಲ್ಲಿ ಮಡಿಸಿದ ಗೋಣಿಚೀಲ. ಕಾಲ ಬಳಿ ಪೇಪರಿನಲ್ಲಿ ಸುತ್ತಿದ ಸತ್ತ ಕೋಳಿ.

"ನಿನ್ನೆ ಕೊಡವಿದ್ ಚೀಲ ಸಾರ್ ಇದು. ಬೆಳಿಗ್ಗೆ ಕೋಳಿ ಅದರ ಪಕ್ಕದಲ್ಲೇ ಬಿದ್ದಿತ್ತು. ತಳದಾಗೆ ಮೂಸಿ ನೋಡಿ, ಹುಳದ ಔಷಧಿ ವಾಸ್ನೆ ಐತೆ. ಕೊಬ್ಬರಿ ಇದರಾಗೇ ಬಂದಿದ್ದು. ಮೇಲ್ಗಡೆ ಕೊಬ್ಬರಿ ಮೂಸಿದ್ದೆ. ತಳದ್ದು ನಾನ್ ಮೂಸ್ಲಿಲ್ಲ." ಚೀಲವನ್ನು ನನ್ನತ್ತ ಸರಿಸಿದರು. "ಪುಡಿ ನಿನ್ನೆ ಸಂಜೆನೇ ಹೋಗೈತೆ. ನಿಮ್ಗೆ ಫೋನ್ ಮಾಡ್ದೆ, ಭಯ ಆಗಿ ನಾನೇ ಕಟ್ ಮಾಡ್ದೆ."

ಎಲ್ಲೆಲ್ಲಿಗೆ ಹೋಗಿದೆ ಎಂದು ಕೇಳಿದೆ. ಬಾಯಲ್ಲೇ ಹೇಳಿದರು: ಬೇಲೂರಿನಲ್ಲಿ ಎರಡು ಅಂಗಡಿ, ದಾರಿಯಲ್ಲೊಂದು ಹುಡುಗಿಯರ ಹಾಸ್ಟೆಲ್, ಹಳೇಬೀಡಿನ ಬಸ್‌ಸ್ಟ್ಯಾಂಡಿನ ಅಂಗಡಿ.

ಅವರನ್ನೂ ಜೀಪಿಗೆ ಹತ್ತಿಸಿಕೊಂಡು ಹೊರಟೆ. ಬೇಲೂರಿನ ಪೊಟ್ಟಣಗಳು ಕಟ್ಟು ಬಿಚ್ಚದೆ ಸಿಕ್ಕವು. ಹಾಸ್ಟೆಲಿನ ಅಡುಗೆಮನೆಗೆ ನುಗ್ಗಿದಾಗ ಡಬ್ಬ ಮೇಜಿನ ಮೇಲಿತ್ತು, ಮುಚ್ಚಳ ತೆಗೆದಿತ್ತು, ಒಳಗೆ ಚಮಚವೂ ಇತ್ತು. ತಟ್ಟೆಗಳನ್ನು ತೊಳೆದು ಜೋಡಿಸಿದ್ದರು. ಅಡುಗೆಯಾಕೆ ನಮ್ಮ ಮುಖ ನೋಡಿ ತಾನೇ ಗಾಬರಿಯಾಗಿ, "ಇವತ್ತು ಉಪ್ಪಿಟ್ಟು ಸಾರ್. ಪುಡಿ ಸಂಜೆಗೆ ಅಂತ ತೆಗೆದಿಟ್ಟೆ" ಅಂದಳು. ರತ್ನಮ್ಮ ಮುಚ್ಚಳ ಹಾಕಿ ಡಬ್ಬವನ್ನು ಎತ್ತಿಕೊಂಡರು.

ಹಳೇಬೀಡಿನಲ್ಲಿ ಒಂದು ಪೊಟ್ಟಣ ಕಡಿಮೆ ಇತ್ತು. "ಹುಲಿಕೆರೆ ಹೆಂಗಸು ಒಬ್ರು ತಗಂಡೋದ್ರು, ಎಂಟು ಗಂಟೆ ಇರ್ಬೋದು" ಅಂದ ಅಂಗಡಿಯವನು. ಎಂಟು ಗಂಟೆ! ನನ್ನ ಫೋನು ಬಡಿದುಕೊಂಡು ಒಂದು ಗಂಟೆಯಾದ ಮೇಲೆ.

ಹುಲಿಕೆರೆಯಲ್ಲಿ ಮನೆ ಹುಡುಕಬೇಕಾಗಲಿಲ್ಲ. ಜಗಲಿಯ ಮುಂದೆ ಜನ ನಿಂತಿದ್ದರು. ಆ ಹೆಂಗಸು ಮಗ್ಗುಲಾಗಿ ಬಿದ್ದಿದ್ದರು, ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಕೈಕಾಲು ಅದುರುತ್ತಿದ್ದವು. "ಪಿತ್ತ ಕೆರಳೈತೆ" ಎಂದು ಗಂಡ ನಿಂಬೆಹಣ್ಣು ಹಿಂಡುತ್ತಿದ್ದರು. ಎತ್ತಿ ಜೀಪಿಗೆ ಹಾಕಿಕೊಂಡೆವು. ದಾರಿಯುದ್ದಕ್ಕೂ ಆಕೆಯ ತಲೆ ರತ್ನಮ್ಮನ ತೊಡೆಯ ಮೇಲಿತ್ತು. ರತ್ನಮ್ಮ ಸೆರಗಿನಿಂದ ಬಾಯಿ ಒರೆಸುತ್ತ, "ಉಸ್ರು ಬಿಡವ್ವ, ಉಸ್ರು ಬಿಡು" ಅನ್ನುತ್ತಲೇ ಇದ್ದರು. ನಾನು ಮುಂದಿನ ಸೀಟಿನಲ್ಲಿ ಕೂತು ಹಿಂದಿರುಗಿ ನೋಡಲಾರದೆ ಆ ದನಿಯನ್ನೇ ಕಿವಿಗೊಟ್ಟು ಕೇಳುತ್ತಿದ್ದೆ. ಅದು ನಿಂತರೆ ಏನರ್ಥ ಎಂದು ನನಗೆ ಗೊತ್ತಿತ್ತು.

ಆಸ್ಪತ್ರೆಯಲ್ಲಿ ಆಕೆಯ ಗಂಡ, ನೆಂಟರು ಎಲ್ಲರ ಎದುರಿಗೇ ರತ್ನಮ್ಮ ಚೀಲ ಬಿಚ್ಚಿ ಹಿಡಿದರು. "ನಾನ್ ಮಾಡಿದ್ ಪುಡಿ ತಿಂದು ಹಿಂಗಾಗೈತೆ ಡಾಕ್ಟ್ರೇ. ಇದೇ ಔಷಧಿ, ಮೂಸಿ ನೋಡಿ." ಹಿಂದಿನಿಂದ ಯಾರೋ ಅವರ ಜಡೆಗೆ ಕೈ ಹಾಕಿದರು. ನಾನು ಅಡ್ಡ ನಿಂತೆ. ವಿಷ ಯಾವುದೆಂದು ತಿಳಿದದ್ದರಿಂದ ಚಿಕಿತ್ಸೆ ತಡವಾಗಲಿಲ್ಲ ಎಂದು ವೈದ್ಯರು ಆಮೇಲೆ ಹೇಳಿದರು. ನಾಲ್ಕನೇ ದಿನ ಆ ಹೆಂಗಸು ಎದ್ದು ಕೂತು ಗಂಜಿ ಕುಡಿದರು.

ನನಗೆ ಬಂದ ಕರೆಗಳ ವಿಷಯ ಬಿಟ್ಟು ಉಳಿದದ್ದನ್ನು ಮೇಲಕ್ಕೆ ತಿಳಿಸಿದ್ದೆ; ಅಷ್ಟರಲ್ಲಿ ಮೇಲಧಿಕಾರಿಯ ಫೋನ್ ಬಂದಿತ್ತು. "ಕೇಸ್ ಹಾಕ್ರೀ. ನಿಯಮದಲ್ಲಿ ತಕ್ಷಣ ಅಂತಿದೆ. ಏಳಕ್ಕೆ ಗೊತ್ತಾದದ್ದನ್ನ ಒಂಬತ್ತಕ್ಕೆ ಬಂದು ಹೇಳಿದಾಳೆ. ಪೇಪರಿನವರು ನಾಳೆ ಕೇಳಿದ್ರೆ ಏನು ಹೇಳ್ತೀರಿ?"

ವರದಿ ಬರೆಯಲು ಕೂತೆ. ರತ್ನಮ್ಮ ಏಳಕ್ಕೇ ತಿಳಿಸಲು ನೋಡಿದರು ಎಂದು ಬರೆದರೆ, ಯಾರಿಗೆ ಎಂಬ ಪ್ರಶ್ನೆ ಬರುತ್ತದೆ. ಬರೆಯದಿದ್ದರೆ ಅವರು ಜೈಲಿಗೆ. ನೌಕರಿ ಹೋದರೆ ಅನ್ನುವ ಯೋಚನೆ ಒಂದೇ ಬಂದದ್ದು. ಆ ಹೆಂಗಸಾಗಲಿ ರತ್ನಮ್ಮನಾಗಲಿ ನೆನಪಿಗೆ ಬರಲಿಲ್ಲ, ನಾಚಿಕೆಯಾದರೂ ನಿಜ. ಹಾಳೆ ಮೂರು ಸಲ ಹರಿದೆ. ಕೊನೆಗೆ ಬರೆದೆ: ಬೆಳಿಗ್ಗೆ ಏಳಕ್ಕೆ ನನಗೆ ಮೂರು ಕರೆ ಬಂದಿದ್ದವು, ನೋಡಿಯೂ ನಾನು ಎತ್ತಲಿಲ್ಲ.

ರತ್ನಮ್ಮನ ಮೇಲೆ ಕೇಸಾಗಲಿಲ್ಲ. ನನಗೆ ನೋಟೀಸು ಬಂತು. ಅದಕ್ಕೆ ಉತ್ತರ ಕೊಡುತ್ತ ಒಂದು ಮಳೆಗಾಲ ಕಳೆಯಿತು. ಕೊನೆಗೆ ವರ್ಗವಾಯಿತು.

ಊರು ಬಿಡುವ ಹಿಂದಿನ ದಿನ ಹಗರೆಯ ಬಸ್ ನಿಲ್ದಾಣದಲ್ಲಿ ಅವರು ಸಿಕ್ಕರು. ಕೈಯಲ್ಲಿ ಬುತ್ತಿ. ಚಟ್ನಿಪುಡಿ ನಿಂತುಹೋಗಿತ್ತು. ದಿನಾ ಅರಸೀಕೆರೆಯ ಮಂಡಿಯೊಂದಕ್ಕೆ ಕೊಬ್ಬರಿ ಆರಿಸಲು ಹೋಗುತ್ತಿದ್ದರು.

"ಕಾನೂನು ಬಿಡ್ತು ಸಾರ್, ಊರು ಬಿಡ್ಲಿಲ್ಲ. ನಮ್ಮ ಕೇರಿಯೋರು ಮಾಡಿದ್ದು ಅಂದ್ರೆ ಮೊದ್ಲೇ ಹಿಂದೆಮುಂದೆ ನೋಡೋರು. ಈಗ ನೆಪ ಸಿಕ್ತು."

ಹೇಳಿದ್ದು ತಪ್ಪಾಯಿತು ಅನಿಸುತ್ತದೆಯೇ ಎಂದು ಕೇಳಿದೆ.

"ಒಂದೊಂದ್ ಸಲ ಅನ್ಸ್ತದೆ. ಆಗ ಆವಮ್ಮನ ತಲೆ ಭಾರ ತೊಡೆ ಮೇಲೆ ನೆಪ್ಪಾಯ್ತದೆ. ಸುಮ್ನಾಯ್ತೀನಿ." ಬುತ್ತಿಯನ್ನು ಇನ್ನೊಂದು ಕೈಗೆ ಬದಲಿಸಿ, "ನಾನ್ ಫೋನ್ ಕಟ್ ಮಾಡ್ಬಾರ್ದಿತ್ತು ಸಾರ್. ಇನ್ನೆರಡ್ ರಿಂಗ್ ಕಾದಿದ್ರೆ ನೀವು ಎತ್ತಿರೋರು. ಆವಮ್ಮ ಆ ಪುಡಿ ತಿಂತಾನೇ ಇರ್ಲಿಲ್ಲ" ಅಂದರು.

ವರದಿಯಲ್ಲಿ ಬರೆದದ್ದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಬಾಯಿ ತೆರೆದೆ. ಹಳೇಬೀಡಿನ ಮೇಲೆ ಹೋಗುವ ಅರಸೀಕೆರೆ ಬಸ್ಸು ಬಂದು ನಿಂತಿತು. "ಬತ್ತೀನಿ ಸಾರ್" ಎಂದು ಅವರು ಹತ್ತಿಬಿಟ್ಟರು. ಬಸ್ಸು ತುಂಬಿತ್ತು. ನಿಂತವರ ನಡುವೆ ಮೇಲಿನ ಕಂಬಿ ಹಿಡಿದ ಅವರ ಕೈಯಷ್ಟೇ ಕಾಣುತ್ತಿತ್ತು. ಬಸ್ಸು ಹೊರಟಿತು, ನಾನು ಹೇಳಲಿಲ್ಲ.