ದೋಣಿಯಲ್ಲಿ ನಿಂತವರು

ನಮ್ಮ ಮನೆ ನೇತ್ರಾವತಿಯ ಈಚೆ ದಡದಲ್ಲಿ. ಪೇಟೆ, ಮಸೀದಿ, ಕಬರಸ್ಥಾನ, ಬೀಡಿ ಬ್ರಾಂಚು ಎಲ್ಲವೂ ಆಚೆ ದಡದ ಫರಂಗಿಪೇಟೆಯಲ್ಲಿ. ನಡುವೆ ಕಡವಿನ ದೋಣಿ. ಅದನ್ನು ನಡೆಸುತ್ತಿದ್ದವರು ನಮ್ಮ ಜಮಾತಿನವರೇ, ಬಾಪನಿಗೆ ದೂರದ ಸಂಬಂಧಿ.

ಎಪ್ಪತ್ತರ ದಶಕದ ಒಂದು ಮಳೆಗಾಲದಲ್ಲಿ ಆ ದೋಣಿ ಮಗುಚಿತು. ಉಳಿದವರೆಲ್ಲ ಹೇಗೋ ದಡ ಸೇರಿದರು. ತಾನೂ ಉಮ್ಮನೂ ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಕೊಡಲು ಹೊರಟಿದ್ದ ನನ್ನ ಅಕ್ಕ ಮಾತ್ರ ಸೇರಲಿಲ್ಲ. ಅವಳ ಮಯ್ಯತ್ತು ಸಿಗುವ ಮೊದಲೇ ದೋಣಿಯವರ ಮಾತು ಊರಿಡೀ ಹಬ್ಬಿತ್ತು: "ಹುಡುಗಿ ಎದ್ದು ನಿಂತಳು, ದೋಣಿ ವಾಲಿತು. ನಾನೇನು ಮಾಡಲಿ?"

ಅದೇ ದೋಣಿಯಲ್ಲಿದ್ದ ಮೀನು ಮಾರುವ ಹೆಂಗಸು ಒಂದು ದಿನ ನಮ್ಮ ಹಿತ್ತಿಲಿಗೆ ಬಂದು ಉಮ್ಮನ ಹತ್ತಿರ ಕೂತಳು.

"ಎಂಥ ಎದ್ದು ನಿಲ್ಲುವುದು ಮಾರಾಯ್ತಿ? ಬೀಡಿ ಬುಟ್ಟಿಯನ್ನು ಮಡಿಲಲ್ಲಿ ಒತ್ತಿ ಹಿಡ್ಕೊಂಡು, ತಲೆಯ ವಸ್ತ್ರ ತೆಗೆದು ಅದರ ಮೇಲೆ ಹೊದೆಸಿ ಕೂತಿದ್ದಳು. ನೀರು ಹಾರಿದ್ರೆ ಬೀಡಿ ಹೋಯ್ತಲ್ಲ. ಆ ನೆರೆಯಲ್ಲಿ ಸೈಕಲು, ಅಕ್ಕಿ ಮೂಟೆ ಎಲ್ಲ ಹೇರಿಕೊಂಡದ್ದು ಅವನು. ಅದನ್ನು ಯಾಕೆ ಹೇಳುವುದಿಲ್ಲ?"

"ಇದನ್ನು ಜಮಾತಿನವರ ಮುಂದೆ ಬಂದು ಹೇಳ್ತೀಯಾ?" ಎಂದು ಉಮ್ಮ ಕೇಳಿದರು.

"ಅಲ್ಲಿ ನನ್ನ ಮಾತು ಯಾರು ಕೇಳ್ತಾರೆ? ನಾಳೆ ನಾನೂ ಅದೇ ದೋಣಿ ಹತ್ತಬೇಕಲ್ಲ."

ಕೆಲವು ವಾರಗಳ ಮೇಲೆ ಮಸೀದಿಯ ಉಸ್ತಾದರು ಮತ್ತು ಹಿರಿಯರು ದೋಣಿಯವರನ್ನು ನಮ್ಮ ಮನೆಗೆ ಕರೆತಂದರು. ಗಂಡಸರು ಜಗಲಿಯಲ್ಲಿ, ಉಮ್ಮ ಮತ್ತು ನಾನು ಬಾಗಿಲ ಹಿಂದೆ. ಉಸ್ತಾದರು ಕ್ಷಮೆಯ ಬಗ್ಗೆ ಮಾತಾಡಿದರು. ಕೈಯಲ್ಲಿ ಶಕ್ತಿಯಿದ್ದೂ ಮನ್ನಿಸಿದವನನ್ನು ಅಲ್ಲಾಹನು ಪ್ರೀತಿಸುತ್ತಾನೆ ಎಂದರು. ಅವರ ಮಾತು ಚೆನ್ನಾಗಿತ್ತು. ಈಗಲೂ ಅದು ಸುಳ್ಳೆಂದು ನನಗೆ ಅನ್ನಿಸುವುದಿಲ್ಲ. ದೋಣಿಯವರು ಅತ್ತರು. "ಅಲ್ಲಾಹನ ವಿಧಿ ಹಾಗಿತ್ತು. ನನ್ನಿಂದ ಗೊತ್ತಿಲ್ಲದೆ ಏನಾದರೂ ತಪ್ಪಾಗಿದ್ದರೆ ಮನ್ನಿಸಬೇಕು" ಎಂದರು. ಬಾಪ ಎದ್ದು ಅವರನ್ನು ಅಪ್ಪಿಕೊಂಡರು.

ಆಗ ಬಾಗಿಲ ಹಿಂದಿನಿಂದ ಉಮ್ಮ ಹೇಳಿದರು: "ಉಸ್ತಾದ್, ಮನ್ನಿಸುವುದಕ್ಕೆ ನನಗೂ ಮನಸ್ಸುಂಟು. ಮಗಳು ಎದ್ದು ನಿಂತಳು ಅಂತ ಹೇಳಿದ್ದಾರಲ್ಲ, ಆ ಮಾತನ್ನು ಅವರು ಹಿಂದೆ ತೆಗೀಲಿ. ಅಷ್ಟೇ."

ಬಾಪ ತಿರುಗಿ ನೋಡದೆ, "ನೀನು ಒಳಗೆ ಹೋಗು" ಎಂದರು. ಹಿರಿಯರೊಬ್ಬರು, "ಹೆತ್ತ ಸಂಕಟ, ಏನೋ ಮಾತಾಡ್ತಾರೆ. ಚಹಾ ಕುಡಿಯುವ" ಎಂದರು. ಚಹಾ ತಂದುಕೊಟ್ಟವಳು ನಾನೇ.

ಅಲ್ಲಾಹನಿಗೆ ಮಾಡಿದ ತಪ್ಪನ್ನು ಅಲ್ಲಾಹನು ಮನ್ನಿಸುತ್ತಾನೆ, ಮನುಷ್ಯನಿಗೆ ಮಾಡಿದ್ದನ್ನು ಆ ಮನುಷ್ಯನೇ ಮನ್ನಿಸಬೇಕು ಎಂದು ನನಗೆ ಮದ್ರಸದಲ್ಲಿ ಕಲಿಸಿದವರು ಇದೇ ಉಸ್ತಾದರು. ಸತ್ತ ಹುಡುಗಿಯ ಮೇಲೆ ಹಾಕಿದ ತಪ್ಪನ್ನು ಯಾರು ಮನ್ನಿಸಬೇಕು ಎಂದು ಅವರು ಕಲಿಸಿರಲಿಲ್ಲ.

ಆಮೇಲೆ ಉಮ್ಮ ಆ ದೋಣಿ ಹತ್ತಲಿಲ್ಲ. ಬುಟ್ಟಿಯನ್ನು ತಲೆಯ ಮೇಲಿಟ್ಟು ಪಾಣೆಮಂಗಳೂರಿನ ಸೇತುವೆಯವರೆಗೆ ನಡೆದು, ದಾಟಿ, ಆಚೆ ದಡದಲ್ಲಿ ಅಷ್ಟೇ ದೂರ ಹಿಂದೆ ನಡೆದು ಬ್ರಾಂಚಿಗೆ ಹೋಗುತ್ತಿದ್ದರು. "ಸೇತುವೆ ಉಮ್ಮ ಬಂದರು, ಜಾಗ ಬಿಡಿ" ಎಂದು ಬ್ರಾಂಚಿನಲ್ಲಿ ನಗುತ್ತಿದ್ದರು. ಉಮ್ಮ ಕಲ್ಲು ಮನಸ್ಸಿನವರಲ್ಲ. ಚೆನ್ನಾಗಿದ್ದ ಬೀಡಿಯನ್ನೂ ಹಾಳೆಂದು ಎಸೆಯುತ್ತಿದ್ದ ಬ್ರಾಂಚಿನವನ ಹೆಂಡತಿ ಹೆತ್ತಾಗ ಕೋಳಿ ಕೊಂಡುಹೋಗಿ ಕೊಟ್ಟವರು. ದೋಣಿಯವರು ದಾರಿಯಲ್ಲಿ ಸಿಕ್ಕಿ ಸಲಾಂ ಹೇಳಿದರೆ ಮರುಸಲಾಂ ಹೇಳುತ್ತಿದ್ದರು. ಹೇಳದಿದ್ದರೆ ತಪ್ಪು ತನ್ನದಾಗುತ್ತದೆ ಎನ್ನುತ್ತಿದ್ದರು. ಉಮ್ಮನಿಗೆ ಬೇಕಾಗಿದ್ದದ್ದು ಒಂದು ಮಾತು. ಅದು ಸಲಾಮಿನ ಹಿಂದೆ ಯಾವತ್ತೂ ಬರಲಿಲ್ಲ.

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಉಮ್ಮ ಹೋದರು. ಬಾಪ ಮೊದಲೇ ತೀರಿಕೊಂಡಿದ್ದರು. ಮಯ್ಯತ್ತು ಎತ್ತುವ ಮೊದಲು, ಪದ್ಧತಿಯಂತೆ ಅಣ್ಣ ಅಂಗಳದಲ್ಲಿ ನಿಂತು, "ನಮ್ಮ ಉಮ್ಮನಿಂದ ಯಾರಿಗಾದರೂ ನೋವಾಗಿದ್ದರೆ ಮನ್ನಿಸಿಕೊಡಬೇಕು" ಎಂದು ಕೇಳಿದ. ಬಾಗಿಲ ಹಿಂದೆ ಈಗ ನಾನೊಬ್ಬಳೇ. ಸಾಮಾನ್ಯವಾಗಿ ಎಲ್ಲರೂ ಮನ್ನಿಸಿದ್ದೇವೆ ಎಂದು ಒಟ್ಟಿಗೆ ಗುಣುಗುಟ್ಟಿ ಮುಗಿಸುತ್ತಾರೆ. ಆವತ್ತು ಒಂದು ಸ್ವರ ಬೇರೆಯಾಗಿ ಕೇಳಿಸಿತು. ದೋಣಿಯವರದ್ದು.

"ಇಷ್ಟು ವರ್ಷ ನನ್ನ ಮೇಲೆ ಹಗೆ ಇಟ್ಟುಕೊಂಡಿದ್ದರು. ನಾನು ಎಲ್ಲ ಮನ್ನಿಸಿದ್ದೇನೆ. ದೋಣಿ ತಯಾರು ಉಂಟು, ತನ್ನಿ."

"ಎಂಥ ದೊಡ್ಡ ಮನಸ್ಸು" ಎಂದರು ಯಾರೋ.

ಅಣ್ಣನನ್ನು ಬಾಗಿಲ ಹತ್ತಿರ ಕರೆದೆ. "ದೋಣಿ ಬೇಡ. ಸೇತುವೆಯ ಮೇಲೆ ಕೊಂಡುಹೋಗಿ."

"ಹೆಗಲ ಮೇಲೆ ಅಷ್ಟು ದೂರವಾ? ಮಯ್ಯತ್ತು ತಡ ಮಾಡಬಾರದು ಅಂತ ಗೊತ್ತಿಲ್ಲವಾ ನಿನಗೆ? ಅವರೇ ಮನ್ನಿಸಿದ್ದಾರೆ. ನೀನೂ ಬಿಟ್ಟುಬಿಡು."

"ಬಿಡುವುದಕ್ಕೆ ಅದು ನನ್ನದಲ್ಲ" ಎಂದೆ. ಅವನು ಹೋಗಿಬಿಟ್ಟ.

ಹೆಂಗಸರು ಕಬರಸ್ಥಾನಕ್ಕೆ ಹೋಗುವುದಿಲ್ಲ. ನಾನು ಹಿತ್ತಿಲ ಕೊನೆಗೆ ಹೋಗಿ ನಿಂತೆ, ಅಲ್ಲಿಂದ ಹೊಳೆ ಕಾಣುತ್ತದೆ. ದೋಣಿಯ ತಳದಲ್ಲಿ ನೀರಿತ್ತಂತೆ. ಕಫನ್ ಬಟ್ಟೆ ಒದ್ದೆಯಾಗಬಾರದೆಂದು ಹೊತ್ತವರು ಮಯ್ಯತ್ತಿನ ಮಂಚವನ್ನು ಕೆಳಗಿಡಲಿಲ್ಲ, ಹೆಗಲಲ್ಲೇ ಹೊತ್ತು ನಿಂತರು. ಬೇಸಿಗೆಯ ಹೊಳೆ, ನೆರೆಯಿರಲಿಲ್ಲ, ಅದು ನನಗೂ ಗೊತ್ತು. ಆಚೆ ದಡ ಮುಟ್ಟುವವರೆಗೂ ಅಷ್ಟೂ ಗಂಡಸರು ದೋಣಿಯ ನಡುವೆ ನಿಂತೇ ಇದ್ದರು. ದೋಣಿ ಮಗುಚಲಿಲ್ಲ.

ಸಂಜೆ ಅಣ್ಣನನ್ನು ಕೇಳಿದೆ. ಕೂತುಕೊಳ್ಳಿ ಎಂದು ದೋಣಿಯವರು ಒಮ್ಮೆಯೂ ಹೇಳಿರಲಿಲ್ಲ.